ಆ ವರದಿ ಎಲ್ಲಿ, ಡಾಕ್ಟರೇ?

ನಮ್ಮ ಜಿಲ್ಲಾಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಬಹಿರಂಗ ಪತ್ರ



ನನ್ನ ತಾಯಿಯ ವಿಷಯ ತಮಗೂ ಗೊತ್ತು, ಊರಿಗೂ ಗೊತ್ತು. ಸೊಂಟದ ಮೂಳೆ ಮುರಿದು ದಾಖಲಾದರು, ಆಪರೇಷನ್ ಚೆನ್ನಾಗಿಯೇ ಆಯಿತು. ಐಸಿಯುನಲ್ಲಿದ್ದಾಗ ಜ್ವರ ಏರಿತು. ರಕ್ತದ ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಮೆರೋಪೆನಮ್ ಸೇರಿ ಆಂಟಿಬಯೋಟಿಕ್‌ಗಳ ಸಾಲಿಗೆ ಸಾಲೇ ‘ರೆಸಿಸ್ಟೆಂಟ್’. ಕೊನೆಗೆ ಕೊಲಿಸ್ಟಿನ್ ಎಂಬ ಔಷಧ ಕೊಟ್ಟರು. ಅಮ್ಮ ಉಳಿಯಲಿಲ್ಲ.

‘ಸೋಂಕು ಎಲ್ಲಿಂದ ಬಂತೆಂದು ಸಮಿತಿಯಿಂದ ತನಿಖೆ ಮಾಡಿಸಿ, ತಿಂಗಳೊಳಗೆ ಲಿಖಿತ ವರದಿ ಕೊಡುತ್ತೇನೆ’ ಎಂದು ತಾವೇ ಮಾತು ಕೊಟ್ಟಿರಿ. ನಂಬಿದೆ. ಆಮೇಲೆ ಅರ್ಜಿ ಕೊಟ್ಟೆ, ನೆನಪೋಲೆ ಕಳಿಸಿದೆ, ಮಾಹಿತಿ ಹಕ್ಕಿನಲ್ಲೂ ಕೇಳಿದೆ. ಬಂದ ಉತ್ತರ: ‘ಕಡತ ಪರಿಶೀಲನೆಯಲ್ಲಿದೆ.’

ನಾನು ಕಣ್ಣಾರೆ ಕಂಡದ್ದನ್ನಾದರೂ ಪರಿಶೀಲಿಸಿ. ಐಸಿಯು ಬಾಗಿಲ ಪಕ್ಕದ ನಲ್ಲಿಗೆ ಬಟ್ಟೆ ಸುತ್ತಿತ್ತು, ನೀರಿರಲಿಲ್ಲ. ಗೋಡೆಯ ಸ್ಯಾನಿಟೈಜರ್ ಡಬ್ಬಿ ಖಾಲಿ. ಪಕ್ಕದ ಬೆಡ್ಡಿನ ಮೂತ್ರದ ಚೀಲ ಬಗ್ಗಿಸಿದ ಸಿಸ್ಟರ್, ಅದೇ ಗ್ಲೌಸಿನಲ್ಲಿ ಅಮ್ಮನ ಡ್ರಿಪ್ ಸರಿಮಾಡಿದರು. ಅವರನ್ನು ದೂರಲಾರೆ, ರಾತ್ರಿ ಪಾಳಿಯಲ್ಲಿ ಅಷ್ಟೂ ಬೆಡ್ಡಿಗೆ ಅವರೊಬ್ಬರೇ, ಅದೂ ಗುತ್ತಿಗೆಯ ಮೇಲೆ. ಈ ರೋಗಾಣು ಕೈಯಿಂದ, ನಳಿಕೆಯಿಂದ, ಮಂಚದ ಕಂಬಿಯಿಂದ ದಾಟುತ್ತದೆ. ರಿಪೋರ್ಟ್ ಬಂದ ಮೇಲೂ ಅಮ್ಮನನ್ನು ಪ್ರತ್ಯೇಕ ಇಡಲಿಲ್ಲ. ಪಕ್ಕದಲ್ಲಿದ್ದ ಹುಡುಗನ ಗತಿ ಏನಾಯಿತು?

ಕೈ ತೊಳೆದರೆ ಸಾವು ತಗ್ಗುತ್ತದೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯರು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ 1847ರಲ್ಲೇ ತೋರಿಸಿದರು. ಸ್ಯಾನಿಟೈಜರ್ ಹಚ್ಚಿ ಕೈ ಉಜ್ಜಿಕೊಳ್ಳಲು 20ರಿಂದ 30 ಸೆಕೆಂಡು ಸಾಕು. ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ಸಮಿತಿ ಇರಬೇಕು, ಸೋಂಕುಗಳ ಮೇಲೆ ನಿಗಾ ಇರಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಆಸ್ಪತ್ರೆಯ ಸಮಿತಿಯ ಹೆಸರುಗಳು ಬೋರ್ಡಿನ ಮೇಲಿವೆ. ಅದು ಕೊನೆಯ ಸಲ ಸಭೆ ಸೇರಿದ್ದು ಯಾವಾಗ? ನಡಾವಳಿ ಎಲ್ಲಿ?

ಆಸ್ಪತ್ರೆಯಲ್ಲಿ ಅಂಟಿದ ಸೋಂಕಿನ ಲೆಕ್ಕವನ್ನು ತಿಂಗಳು ತಿಂಗಳು ಜನರ ಮುಂದಿಡಿ. ಐಸಿಯುಗೆ ಸಾಕಷ್ಟು ಕಾಯಂ ನರ್ಸುಗಳನ್ನು ಕೊಡಿಸಿ. ರೋಗಾಣು ಔಷಧಕ್ಕೆ ಬಗ್ಗದಂತಾಗಲು ಇನ್ನೊಂದು ಕಾರಣವೂ ಇದೆ: ಹೊರಗೆ ಮೆಡಿಕಲ್ ಸ್ಟೋರುಗಳಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಸಿಗುತ್ತಿದೆ. ಇಂಥ ಕೆಲವು ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆನ್ನುವ ಶೆಡ್ಯೂಲ್ ಎಚ್1 ನಿಯಮ 2014ರಿಂದ ಜಾರಿಯಲ್ಲಿದೆ, ತಪಾಸಣೆಗೆ ಬರುವವರಿಲ್ಲ. ಗಣ್ಯರು ಬರುವಾಗ ಕಾಂಪೌಂಡಿಗೆ ಬಣ್ಣ ಬಳಿಯಲು ದುಡ್ಡಿರುತ್ತದೆ, ಒಂದು ನಲ್ಲಿಗಿಲ್ಲ. ಬಡವರು ಬೇರೆಲ್ಲಿಗೆ ಹೋಗಬೇಕು?

ಮಾತು ಕೊಟ್ಟವರು ನೀವು. ವರದಿ ಕೊಡಿ. ತನಿಖೆಯೇ ನಡೆದಿಲ್ಲವೆಂದರೆ, ಅದನ್ನೇ ಬರೆದು ಸಹಿ ಹಾಕಿ ಕೊಡಿ.