ವಿನಾಯಿತಿ ಪಾಠಕ್ಕೆ, ಜೆರಾಕ್ಸ್ ಯಂತ್ರಕ್ಕಲ್ಲ

ಕಾಲೇಜುಗಳು ಆರಂಭವಾಗುವ ದಿನಗಳು ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿಯ ಕಾಲ. ಅಧ್ಯಾಪಕರು ಗುರುತು ಹಾಕಿಕೊಟ್ಟ ಪುಟಗಳು, ಹಿರಿಯ ವಿದ್ಯಾರ್ಥಿಗಳ ಟಿಪ್ಪಣಿಗಳು, ಕೆಲವೊಮ್ಮೆ ಇಡೀ ಪುಸ್ತಕಗಳೇ ಪ್ರತಿಗಳಾಗಿ, ಸ್ಪೈರಲ್ ಬೈಂಡಿಂಗ್ ಪಡೆದು ಹೊರಬರುತ್ತವೆ. ಗಿರಾಕಿ ತಂದುದನ್ನು ಪ್ರತಿ ಮಾಡಿಕೊಡುವುದಷ್ಟೇ ತನ್ನ ಕೆಲಸ, ಅದರಾಚೆಗಿನ ಹೊಣೆ ತನ್ನದಲ್ಲ ಎಂಬುದು ಅನೇಕ ಅಂಗಡಿಕಾರರ ನಂಬಿಕೆ. ವಿದ್ಯಾಭ್ಯಾಸಕ್ಕಾದರೆ ಎಷ್ಟು ಬೇಕಾದರೂ ಪ್ರತಿ ಮಾಡಬಹುದೆಂದು ನ್ಯಾಯಾಲಯವೇ ಹೇಳಿದೆ ಎಂಬ ಮಾತೂ ಈ ನಂಬಿಕೆಗೆ ಸೇರಿಕೊಂಡಿದೆ. ನ್ಯಾಯಾಲಯ ಹೇಳಿದ್ದು ಅದಲ್ಲ. ಈ ವ್ಯತ್ಯಾಸವನ್ನು ಅರಿಯುವುದು ವರ್ತಕರ ಹಿತದೃಷ್ಟಿಯಿಂದ ಅತ್ಯಗತ್ಯ.

1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಉಲ್ಲಂಘನೆ ಎನಿಸದ ಕಾರ್ಯಗಳನ್ನು ಪಟ್ಟಿ ಮಾಡುತ್ತದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರು ಅಥವಾ ವಿದ್ಯಾರ್ಥಿಗಳು ಕೃತಿಯೊಂದರ ಪ್ರತಿ ಮಾಡುವುದು ಹಾಗೂ ಪರೀಕ್ಷೆಯ ಪ್ರಶ್ನೋತ್ತರಗಳಲ್ಲಿ ಅದನ್ನು ಬಳಸುವುದು ಆ ಪಟ್ಟಿಯಲ್ಲಿವೆ. ಈ ಮಾತಿನ ವ್ಯಾಪ್ತಿ ಎಷ್ಟೆಂಬುದು ಪರೀಕ್ಷೆಗೊಳಗಾದದ್ದು ದೆಹಲಿಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಸರ್ವೀಸಸ್ ಎಂಬ ಅಂಗಡಿಯು ಪಠ್ಯಕ್ರಮಕ್ಕೆ ಅನುಗುಣವಾಗಿ ಹಲವು ಪುಸ್ತಕಗಳಿಂದ ಆಯ್ದ ಭಾಗಗಳನ್ನು ಕಟ್ಟಿ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹಾಗೂ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು 2012ರಲ್ಲಿ ಅಂಗಡಿ ಹಾಗೂ ವಿಶ್ವವಿದ್ಯಾಲಯ ಎರಡರ ಮೇಲೂ ದಾವೆ ಹೂಡಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಂಗಡಿಯ ಈ ಕೆಲಸಕ್ಕೆ ತಾತ್ಕಾಲಿಕ ತಡೆಯೂ ಬಿದ್ದಿತು.

2016ರ ಸೆಪ್ಟೆಂಬರ್ 16ರಂದು ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ದಾವೆಯನ್ನು ವಜಾ ಮಾಡಿತು. ವಿದ್ಯಾರ್ಥಿಯು ಗ್ರಂಥಾಲಯದಲ್ಲಿ ಕುಳಿತು ಕೈಯಿಂದ ಬರೆದುಕೊಳ್ಳುವುದು ತಪ್ಪಲ್ಲವಾದರೆ, ಅದೇ ಕೆಲಸವನ್ನು ಯಂತ್ರ ಮಾಡಿದ ಮಾತ್ರಕ್ಕೆ ತಪ್ಪಾಗದು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಡಿಸೆಂಬರ್ 9ರಂದು ವಿಭಾಗೀಯ ಪೀಠವು ಬೋಧನೆಯೆಂದರೆ ತರಗತಿಯ ನಾಲ್ಕು ಗೋಡೆಗಳ ನಡುವಿನ ಪಾಠ ಮಾತ್ರವಲ್ಲವೆಂದು ಒಪ್ಪಿತು. ಆದರೆ ಆಯ್ದ ಭಾಗಗಳು ಬೋಧನೆಯ ಉದ್ದೇಶಕ್ಕೆ ಅವಶ್ಯವಾಗಿದ್ದವೇ, ಇಡೀ ಪುಸ್ತಕಗಳ ಪ್ರತಿ ಮಾಡಿದ್ದು ಸರಿಯೇ ಎಂಬ ಪ್ರಶ್ನೆಗಳನ್ನು ಅದು ವಿಚಾರಣೆಗೆ ಮರಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಹಾಗಾಗಿ ಆ ಪ್ರಶ್ನೆಗಳಿಗೆ ಉತ್ತರ ದೊರೆಯಲೇ ಇಲ್ಲ.

ವರ್ತಕರು ಗಮನಿಸಬೇಕಾದುದು ಇದನ್ನೇ. ಅಧ್ಯಾಪಕರು ಪಾಠಕ್ಕಾಗಿ ಆಯ್ದ ಭಾಗಗಳ ಪ್ರತಿಗೆ ರಕ್ಷಣೆಯಿದೆ. ಇಡೀ ಪುಸ್ತಕವನ್ನು ಪ್ರತಿ ಮಾಡಿ, ಬೈಂಡ್ ಮಾಡಿ, ಅಂಗಡಿಯ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ಮಾರುವುದಕ್ಕೆ ಇಲ್ಲ. ಅಲ್ಲದೆ ದೆಹಲಿಯ ತೀರ್ಪು ಕರ್ನಾಟಕದ ನ್ಯಾಯಾಲಯಗಳಿಗೆ ಮಾರ್ಗದರ್ಶಕವೇ ಹೊರತು ಬಂಧಕವಲ್ಲ. ತಪ್ಪಿದರೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಕಾಯಿದೆಯ 63ನೆಯ ಕಲಮಿನಂತೆ ಶಿಕ್ಷೆ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷಗಳವರೆಗಿನ ಸೆರೆಮನೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗಿನ ದಂಡ. ಲಾಭದ ಉದ್ದೇಶವಿಲ್ಲದ ಪ್ರಕರಣಗಳಲ್ಲಿ ಶಿಕ್ಷೆಯನ್ನು ಇಳಿಸಲು ಅವಕಾಶವಿದೆ. ವ್ಯಾಪಾರಕ್ಕಾಗಿಯೇ ಪ್ರತಿ ಮಾಡಿದವರಿಗೆ ಆ ಅನುಕೂಲ ಸಿಗದು. ಈ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು, ಇದು ಜಾಮೀನುರಹಿತ ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ.

ಗೈಡುಗಳನ್ನೂ ಪಠ್ಯ ಸಂಕಲನಗಳನ್ನೂ ಹೊರತರುವ ಸಣ್ಣ ಪ್ರಕಾಶಕರಿಗೆ ಅನ್ವಯಿಸುವ ನಿಯಮ ಇನ್ನೂ ಬಿಗಿಯಾದುದು. ಬೋಧನೆಗೆಂದೇ ಸಿದ್ಧಪಡಿಸಿದ, ಬಹುಪಾಲು ಕೃತಿಸ್ವಾಮ್ಯವಿಲ್ಲದ ಬರಹಗಳುಳ್ಳ ಸಂಕಲನದಲ್ಲಿ ಇತರರ ಕೃತಿಗಳಿಂದ ಕಿರು ಭಾಗಗಳನ್ನು ಸೇರಿಸಲು ಅವಕಾಶವಿದೆ. ಆದರೆ ಒಬ್ಬನೇ ಲೇಖಕನ ಕೃತಿಗಳಿಂದ ಒಬ್ಬನೇ ಪ್ರಕಾಶಕನು 5 ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಭಾಗಗಳನ್ನು ಪ್ರಕಟಿಸುವಂತಿಲ್ಲ. ಲೇಖಕನು ತೀರಿಕೊಂಡ 60 ವರ್ಷಗಳವರೆಗೂ ಕೃತಿಸ್ವಾಮ್ಯ ಉಳಿದಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಕೃತಿಸ್ವಾಮ್ಯವೆಂದರೆ ವಿದೇಶೀ ಕಂಪನಿಗಳ ಆಸ್ತಿಯೆಂದು ಭಾವಿಸುವವರುಂಟು. ಕೆಲವೇ ನೂರು ಪ್ರತಿಗಳನ್ನು ಅಚ್ಚು ಹಾಕಿಸಿ, ಹಾಕಿದ ಬಂಡವಾಳ ಹಿಂದಿರುಗಲು ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕನೂ ಅದರ ಒಡೆಯನೇ. ಅವನ ಪುಸ್ತಕದ ಒಂದು ಅಧ್ಯಾಯ ತರಗತಿಯಲ್ಲಿ ಓದಲ್ಪಟ್ಟರೆ ಆ ಪುಸ್ತಕದ ಹೆಸರು ನಾಲ್ಕು ಜನರಿಗೆ ತಿಳಿಯುತ್ತದೆ. ಇಡೀ ಪುಸ್ತಕವೇ ಅರ್ಧ ಬೆಲೆಗೆ ಬೀದಿಯಲ್ಲಿ ಸಿಕ್ಕರೆ ಎರಡನೆಯ ಮುದ್ರಣವೇ ಇರುವುದಿಲ್ಲ. ಇತ್ತ ದುಬಾರಿ ಪುಸ್ತಕಗಳನ್ನು ಕೊಳ್ಳಲಾರದ ಬಡ ವಿದ್ಯಾರ್ಥಿಗೆ ಈ ವಿನಾಯಿತಿಯೇ ಆಧಾರ. ಅದರ ದುರುಪಯೋಗ ಹೆಚ್ಚಿದಷ್ಟೂ ಅದನ್ನು ಮೊಟಕುಗೊಳಿಸಬೇಕೆಂಬ ಕೂಗಿಗೆ ಬಲ ಬರುತ್ತದೆ.

ಆದುದರಿಂದ ಕೆಲವು ಕ್ರಮಗಳನ್ನು ವರ್ತಕರು ತಾವಾಗಿಯೇ ರೂಢಿಸಿಕೊಳ್ಳುವುದು ಲೇಸು. ಯಾವ ಪುಸ್ತಕದ ಯಾವ ಪುಟಗಳು, ಯಾವ ತರಗತಿಗೆ ಎಂಬ ಪಟ್ಟಿಯನ್ನು ಕಾಲೇಜಿನಿಂದ ಲಿಖಿತವಾಗಿ ಪಡೆಯಬೇಕು. ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟೇ ಪ್ರತಿ ಮಾಡಬೇಕು. ದಾಸ್ತಾನು ಇಡಬಾರದು. ದರ ವಿಧಿಸುವುದು ಪುಟದ ಲೆಕ್ಕದಲ್ಲಿರಬೇಕೇ ವಿನಾ ಪುಸ್ತಕದ ಬೆಲೆಯ ಲೆಕ್ಕದಲ್ಲಲ್ಲ. ಇಡೀ ಪುಸ್ತಕ ಕೇಳಿದವರಿಗೆ ಪುಸ್ತಕದ ಅಂಗಡಿಯ ದಾರಿ ತೋರಿಸಬೇಕು. ಜಿಲ್ಲಾ ವಾಣಿಜ್ಯ ಸಂಘಗಳು ಕಾಲೇಜುಗಳೊಡನೆ ಸಮಾಲೋಚಿಸಿ ಇಂತಹ ಪಟ್ಟಿಗೆ ಒಂದು ಸರಳ ನಮೂನೆಯನ್ನು ಸಿದ್ಧಪಡಿಸಿದರೆ ಸಣ್ಣ ಅಂಗಡಿಕಾರನಿಗೆ ವಕೀಲರ ಬಳಿಗೆ ಅಲೆಯುವ ಖರ್ಚು ಉಳಿಯುತ್ತದೆ. ಪೊಲೀಸರು ಬಂದು ಕೇಳಿದ ದಿನ ತೋರಿಸಲು ಅವನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.