ಟ್ರಾಕ್ಟರು ಜಗ್ಗಾಟ: ವಂತಿಗೆ ಕೊಡುವ ಮುನ್ನ

ಸುಗ್ಗಿ ಮುಗಿದು ಊರೂರ ಜಾತ್ರೆಗಳು ಮೊದಲಾದವೆಂದರೆ ಈ ಮಹಾನಗರದ ಹೋಟೆಲು ಗಿರಣಿಗಳಲ್ಲಿ ದುಡಿಯುವ ನಮ್ಮವರಿಗೆ ಊರ ಕಡೆಯಿಂದ ಎರಡು ಕರೆಗಳು ಬರುತ್ತವೆ. ರಜೆ ಹಾಕಿ ಬನ್ನಿ ಎಂಬುದು ಒಂದು. ಬರಲಾಗದಿದ್ದರೆ ವಂತಿಗೆಯನ್ನಾದರೂ ಕಳಿಸಿರಿ ಎಂಬುದು ಇನ್ನೊಂದು. ಎರಡನ್ನೂ ನಮ್ಮ ಜನ ಆದರದಿಂದಲೇ ನಡೆಸಿಕೊಂಡು ಬಂದಿದ್ದಾರೆ. ತೇರಿನ ಮಿಣಿಗೆ, ಬಯಲಾಟದ ಮೇಳಕ್ಕೆ, ಕುಸ್ತಿಯ ಕಣಕ್ಕೆ, ಅನ್ನಸಂತರ್ಪಣೆಗೆ ಹೋಗುವ ಹಣದಲ್ಲಿ ಪಟ್ಟಣದ ದುಡಿಮೆಗಾರನ ಬೆವರು ಎಷ್ಟಿದೆಯೆಂಬುದನ್ನು ಊರ ಹಿರಿಯರು ಬಲ್ಲರು. ಈಚಿನ ವರ್ಷಗಳಲ್ಲಿ, ವಿಶೇಷವಾಗಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ, ಜಾತ್ರೆಯ ಖರ್ಚಿಗೆ ಹೊಸದೊಂದು ಬಾಬು ಸೇರಿಕೊಂಡಿದೆ. ಅದೇ ಟ್ರಾಕ್ಟರು ಜಗ್ಗುವ ಸ್ಪರ್ಧೆ. ಈ ಸ್ಪರ್ಧೆಯನ್ನು ಕುರಿತು ಕಾರ್ಮಿಕ ಬಂಧುಗಳು ಸ್ವಲ್ಪ ನಿಂತು ಯೋಚಿಸಬೇಕಾದ ಕಾಲ ಬಂದಿದೆ.

ಮೊದಲಿಗೇ ಒಂದು ಮಾತು. ಹಳ್ಳಿಯ ಆಟಗಳಿಗೆ ನಾವು ವೈರಿಗಳಲ್ಲ. ವರ್ಷವೆಲ್ಲ ಮಣ್ಣಿನಲ್ಲಿ ದುಡಿದ ರೈತ ಒಂದು ದಿನ ತನ್ನ ಬಲವನ್ನೂ ತನ್ನ ಎತ್ತಿನ ಬಲವನ್ನೂ ನಾಲ್ಕು ಜನರ ಮುಂದೆ ತೋರಿಸಬಯಸಿದರೆ ಅದರಲ್ಲಿ ತಪ್ಪೇನಿದೆ? ಬಾಗಲಕೋಟೆ, ವಿಜಯಪುರದ ಕಡೆಯ ತೆರಬಂಡಿ, ಕರಾವಳಿಯ ಕಂಬಳ, ಆಂಧ್ರದ ವಿಜಯವಾಡ, ಗುಂಟೂರುಗಳ ಸುತ್ತಿನ ಹಳ್ಳಿಗಳಲ್ಲಿ ಸಂಕ್ರಾಂತಿಗೆ ನಡೆಯುವ ಬಂಡೆ ಎಳೆಯುವ ಪಂದ್ಯ, ಇವೆಲ್ಲ ಈ ಆಸೆಯಿಂದಲೇ ಹುಟ್ಟಿದವು. ಆ ಬಂಡೆ ಎಳೆಯುವ ಪಂದ್ಯದಲ್ಲಿ ಒಂಗೋಲು ತಳಿಯ ಎತ್ತುಗಳ ಹಲ್ಲು ನೋಡಿ ವರ್ಗ ಮಾಡುತ್ತಾರೆ. ಎರಡು ಹಲ್ಲಿನ ಜೋಡಿಯನ್ನು ಆರು ಹಲ್ಲಿನ ಜೋಡಿಯ ಎದುರು ನಿಲ್ಲಿಸುವುದಿಲ್ಲ. ಎತ್ತು ದಣಿದರೆ ತಾನೇ ನಿಲ್ಲುತ್ತದೆ. ಅದರ ಕಣ್ಣು ನೋಡಿಯೇ ಒಡೆಯನಿಗೆ ತಿಳಿಯುತ್ತದೆ. ಎತ್ತಿನ ಜಾಗಕ್ಕೆ ಈಗ ಎಂಜಿನ್ನು ಬಂದಿದೆ. ಎತ್ತಿನ ಬಗ್ಗೆ ಇದ್ದ ಎಚ್ಚರ ಮಾತ್ರ ಎಂಜಿನ್ನಿನ ಬಗ್ಗೆ ಬಂದಿಲ್ಲ. ಎಂಜಿನ್ನಿಗೆ ದಣಿವಿಲ್ಲ, ಕಣ್ಣಿಲ್ಲ. ಕಾಲು ಒತ್ತಿದಷ್ಟೂ ಅದು ಜಗ್ಗುತ್ತದೆ, ಏನಾದರೊಂದು ಹರಿಯುವವರೆಗೆ.

ಇದರಲ್ಲಿ ಅಪಾಯ ಎಲ್ಲಿದೆಯೆಂಬುದನ್ನು ಯಂತ್ರದ ನಡುವೆ ಬಾಳಿದ ನಮ್ಮ ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಎರಡು ಟ್ರಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಸರಪಳಿ ಬಿಗಿಯುತ್ತಾರೆ. ಇಲ್ಲವೆ ಒಂದಕ್ಕೆ ಮಿತಿಮೀರಿದ ಭಾರ ಕಟ್ಟುತ್ತಾರೆ. ಹಿಂದಿನ ಗಾಲಿಗಳು ನೆಲವನ್ನು ಕಚ್ಚಿಕೊಂಡು, ಭಾರ ಕದಲದೆ ಹೋದರೆ, ಎಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಅದು ಟ್ರಾಕ್ಟರಿನ ಮೂತಿಯನ್ನೇ ಮೇಲಕ್ಕೆತ್ತುತ್ತದೆ. ಸರಪಳಿಯನ್ನು ಕೆಳಗಿನ ಎಳೆಯುವ ಕಂಬಿಗೆ ಬಿಗಿಯದೆ, ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿಯಾದರೂ ಬಿಗಿದಿದ್ದರೆ, ಇಡೀ ಯಂತ್ರ ಚಾಲಕನ ಮೇಲೆ ಹಿಮ್ಮಗುಚಿ ಬೀಳುತ್ತದೆ. ಇದಕ್ಕೆ ಒಂದೂವರೆ ಸೆಕೆಂಡು ಸಾಕು. ಅದರಲ್ಲಿ ಅರ್ಧ ಕಳೆಯುವಷ್ಟರಲ್ಲಿ ತಡೆಯುವ ಅವಕಾಶ ಮುಗಿದಿರುತ್ತದೆ. ಕ್ಲಚ್ಚು ತುಳಿಯಬೇಕೆಂದು ಮನಸ್ಸಿಗೆ ಹೊಳೆಯುವ ಮೊದಲೇ ಎಲ್ಲ ಆಗಿಹೋಗುತ್ತದೆ. ಚಾಲಕ ಎಷ್ಟು ಚತುರನಾದರೂ ಇಲ್ಲಿ ಚತುರತೆ ನಡೆಯದು.

ಇನ್ನು ಸರಪಳಿ ಅಥವಾ ಉಕ್ಕಿನ ಹಗ್ಗ. ಬಿಗಿದು ನಿಂತ ಹಗ್ಗ ಹರಿದರೆ ಅದು ಬಾರುಕೋಲಿನಂತೆ ಬೀಸುತ್ತದೆ. ಅದರ ದಾರಿಯಲ್ಲಿ ನಿಂತವನ ಕಾಲು, ಕಣ್ಣು, ಪ್ರಾಣ ಯಾವುದಕ್ಕೂ ಭರವಸೆಯಿಲ್ಲ. ಗೆಲ್ಲಬೇಕೆಂಬ ಹಟದಿಂದ ಎಣ್ಣೆಯ ಪಂಪನ್ನು ಬಿಗಿಸಿ, ಕಾರ್ಖಾನೆ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ಬಲ ಹೊರಡಿಸುವ ಎಂಜಿನ್ನುಗಳಲ್ಲಿ ಫ್ಲೈವೀಲು, ಕ್ಲಚ್ಚುಗಳು ಸಿಡಿದು ಚೂರುಗಳು ಗುಂಡಿನಂತೆ ಹಾರುವ ಭಯವಿದೆ. ಮೂತಿ ಏಳದಿರಲೆಂದು ಹುಡುಗರನ್ನೇ ಬಾನೆಟ್ಟಿನ ಮೇಲೆ ಕೂರಿಸುವುದುಂಟು. ಕಲ್ಲಿನ ಬದಲು ಮನುಷ್ಯನನ್ನು ಭಾರವಾಗಿ ಉಪಯೋಗಿಸುವುದು ಯಾವ ಧರ್ಮ?

ಇದು ಬರಿಯ ಊಹೆಯಲ್ಲ. ಪಂಜಾಬಿನಲ್ಲಿ 2023ರ ಅಕ್ಟೋಬರ್ 28ರಂದು ಗುರುದಾಸಪುರ ಜಿಲ್ಲೆಯ ಸಾರ್ಚೂರ್ ಗ್ರಾಮದ ಕ್ರೀಡಾ ಮೇಳದಲ್ಲಿ ಟ್ರಾಕ್ಟರಿನ ಸಾಹಸ ತೋರಿಸುತ್ತಿದ್ದ ಯುವಕನೊಬ್ಬ ಅದೇ ಟ್ರಾಕ್ಟರಿಗೆ ಸಿಕ್ಕಿ ಸತ್ತನು. ಎರಡು ದಿನಗಳಲ್ಲಿ ಮುಖ್ಯಮಂತ್ರಿ ಭಗವಂತ ಮಾನ್ ಅವರು ಇಂಥ ಸಾಹಸ ಪ್ರದರ್ಶನಗಳಿಗೆ ನಿಷೇಧ ಸಾರಿದರು. ಆದರೆ ನಿಷೇಧವೊಂದರಿಂದಲೇ ಕೆಲಸ ಮುಗಿಯಿತೆ? 2024ರ ಜೂನ್ ತಿಂಗಳಲ್ಲಿ ಅದೇ ರಾಜ್ಯದ ಫಗವಾಡಾ ಹತ್ತಿರದ ಡೊಮೇಲಿ ಗ್ರಾಮದಲ್ಲಿ ಟ್ರಾಕ್ಟರು ಪಂದ್ಯ ನಡೆದು, ಹಿಡಿತ ತಪ್ಪಿದ ಟ್ರಾಕ್ಟರೊಂದು ನೋಡುತ್ತ ನಿಂತ ಜನರ ಮೇಲೆಯೇ ನುಗ್ಗಿತು, ಹಲವರು ಗಾಯಗೊಂಡರು. ಕಾಗದದ ಮೇಲಿನ ಆಜ್ಞೆ ಹೊಲದ ಬದುವನ್ನು ದಾಟಿ ಬರುವುದಿಲ್ಲ. ಕಣದಲ್ಲಿ ನಿಂತು ನೋಡುವ ಕಣ್ಣು ಬೇಕು.

ಈ ಆಟವನ್ನು ಬಹುಕಾಲದಿಂದ ಆಡುತ್ತಿರುವ ದೇಶಗಳು ಏನು ಮಾಡಿವೆ? ಅಮೇರಿಕೆಯಲ್ಲಿ 1929ರಷ್ಟು ಹಿಂದೆಯೇ ಮೋಟಾರು ಟ್ರಾಕ್ಟರುಗಳ ಎಳೆತದ ಸ್ಪರ್ಧೆ ನಡೆಯಿತು. 1969ರಲ್ಲಿ ಸ್ಪರ್ಧಾಳುಗಳೇ ಕೂಡಿ ರಾಷ್ಟ್ರೀಯ ಸಂಘ ಕಟ್ಟಿಕೊಂಡರು; ಎಲ್ಲೆಡೆಗೂ ಒಂದೇ ನಿಯಮ ಬೇಕೆಂಬುದೇ ಅದರ ಉದ್ದೇಶ. ಅಲ್ಲಿ ಟ್ರಾಕ್ಟರಿಗೆ ಟ್ರಾಕ್ಟರನ್ನು ಕಟ್ಟಿ ಜಗ್ಗಿಸುವುದಿಲ್ಲ. ಭಾರದ ಒಂದು ಬಂಡಿಯನ್ನು ಎಳೆಸುತ್ತಾರೆ. ಮುಂದೆ ಹೋದಂತೆಲ್ಲ ಅದರ ಭಾರ ಹೆಚ್ಚುತ್ತ ಹೋಗಿ ಟ್ರಾಕ್ಟರು ತಾನಾಗಿ ನಿಲ್ಲುತ್ತದೆ. ಹಿಂದೆ ಮಗುಚದಂತೆ ಆಸರೆಯ ಗಾಲಿಗಳು, ಚಾಲಕನಿಗೆ ಶಿರಸ್ತ್ರಾಣ, ಸಿಡಿಯುವ ಭಾಗಗಳಿಗೆ ಕವಚ, ಇವೆಲ್ಲ ಇವೆ. ಬಂಡಿಯಿಂದ ಟ್ರಾಕ್ಟರು ಕಳಚಿಕೊಂಡರೆ ತಕ್ಷಣ ಎಂಜಿನ್ನು ನಿಲ್ಲುವಂತೆ ಒಂದು ದಾರವನ್ನೂ ಕಟ್ಟಿರುತ್ತಾರೆ. ಹೊಲದ ಟ್ರಾಕ್ಟರಿನ ಮಾತಿಗೆ ಬಂದರೆ, ಚಾಲಕನ ಸುತ್ತ ಗಟ್ಟಿ ಚೌಕಟ್ಟು ಇರಲೇಬೇಕೆಂದು ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಕಡ್ಡಾಯ ಮಾಡಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಮುಂದಿನ ದಶಕಗಳಲ್ಲಿ ತೀರ ಇಳಿದುಹೋಯಿತು.

ನಿಯಮವಿದ್ದ ದೇಶದಲ್ಲಿಯೂ ಕಣ್ಣು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ನೆದರ್‌ಲ್ಯಾಂಡ್ಸಿನ ಹಾಕ್ಸ್‌ಬರ್ಗೆನ್ ಸಾಕ್ಷಿ. 2014ರ ಸೆಪ್ಟೆಂಬರ್ 28ರಂದು ಅಲ್ಲಿನ ಪ್ರದರ್ಶನದಲ್ಲಿ ದೈತ್ಯಗಾಲಿಯ ಲಾರಿಯೊಂದು ಜನರ ಮೇಲೆ ನುಗ್ಗಿ ಮೂವರು ಸತ್ತರು. ತನಿಖೆ ನಡೆಸಿದ ಮಂಡಲಿ ಚಾಲಕನನ್ನಷ್ಟೇ ದೂರಲಿಲ್ಲ. ಏರ್ಪಾಡು ಮಾಡಿದವರನ್ನೂ, ಸರಿಯಾಗಿ ವಿಚಾರಿಸದೆ ಪರವಾನಗಿ ಕೊಟ್ಟ ಪೌರಾಡಳಿತವನ್ನೂ ಹೊಣೆಗಾರರೆಂದಿತು.

ನಮ್ಮಲ್ಲಿ ಹೊಣೆ ಯಾರದು? 1988ರ ಮೋಟಾರು ವಾಹನ ಕಾಯದೆಯ 189ನೆಯ ಕಲಮಿನ ಪ್ರಕಾರ ಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟದ ಪಂದ್ಯವನ್ನಾಗಲಿ ವೇಗದ ಪರೀಕ್ಷೆಯನ್ನಾಗಲಿ ನಡೆಸುವುದು ಅಪರಾಧ. ಜಗ್ಗಾಟ ಓಟವೂ ಅಲ್ಲ, ವೇಗದ ಪರೀಕ್ಷೆಯೂ ಅಲ್ಲ ಎಂದು ವಾದಿಸುವವರು ಇರಬಹುದು. ಕಾಯದೆಯ ಬಿರುಕು ಅಲ್ಲಿಯೇ ಇದೆ. ಆದರೆ ಪ್ರಾಣ ಹೋದ ಮೇಲೆ ಕಾಯದೆ ಸುಮ್ಮನಿರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷಗಳವರೆಗೆ ಸೆರೆವಾಸವುಂಟು. ಹಿಂದಿನ ದಂಡಸಂಹಿತೆಯಲ್ಲಿ ಅದು ಎರಡು ವರ್ಷವಾಗಿತ್ತು. ವಿಮೆಯ ಸಂಗತಿ ಇನ್ನೂ ಕಠಿಣ. ವಾಹನ ವಿಮಾಪತ್ರಗಳಲ್ಲಿ, ಏರ್ಪಡಿಸಿದ ಪಂದ್ಯಗಳಿಗೆ ವಾಹನವನ್ನು ಬಳಸಿದರೆ ರಕ್ಷಣೆಯಿಲ್ಲವೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಟ್ರಾಕ್ಟರು ಧಣಿಯದು, ಚಾಲಕ ಕೂಲಿಯವನು ಆಗಿರುವುದುಂಟು. ಗೆದ್ದರೆ ಬಹುಮಾನ ಧಣಿಯ ಮನೆಗೆ. ಬಿದ್ದರೆ ಹೆಣ ಕೂಲಿಯವನ ಗುಡಿಸಲಿಗೆ. ಆ ಗುಡಿಸಲಿನ ಹೆಂಗಸು ಮಕ್ಕಳು ಯಾವ ವಿಮಾ ಕಚೇರಿಯ ಬಾಗಿಲು ಬಡಿಯಬೇಕು?

ಗಿರಣಿ ಕಾರ್ಮಿಕರಿಗೆ ಈ ಪ್ರಶ್ನೆ ಹೊಸದಲ್ಲ. ತಿರುಗುವ ಗಾಲಿಗೂ ಪಟ್ಟಾಕ್ಕೂ ಬೇಲಿ ಹಾಕಿರಬೇಕೆಂದು 1948ರ ಕಾರ್ಖಾನೆ ಕಾಯದೆ ತನ್ನ 21ನೆಯ ಕಲಮಿನಲ್ಲಿ ಹೇಳಿತು. ಬಾಯ್ಲರುಗಳನ್ನು ಪರೀಕ್ಷಿಸಲು 1923ರಲ್ಲಿಯೇ ಕಾಯದೆ ಬಂದಿತ್ತು. ಈ ರಕ್ಷಣೆಗಳು ಆಕಾಶದಿಂದ ಉದುರಲಿಲ್ಲ. ಎಷ್ಟೋ ಕೈಬೆರಳುಗಳು, ಎಷ್ಟೋ ಪ್ರಾಣಗಳು ಹೋದ ಮೇಲೆ ಬಂದವು. ಹೋಟೆಲಿನ ಅಡಿಗೆಮನೆಯಲ್ಲಿ ಗ್ಯಾಸಿನ ಕೊಳವೆ ಸವೆದಿದ್ದರೆ ಒಲೆ ಹೊತ್ತಿಸಬಾರದೆಂದು ನಮ್ಮ ಹುಡುಗರಿಗೆ ಯಾರೂ ಪುಸ್ತಕ ಓದಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಹೀಗೆ ಯಂತ್ರದ ಮುಂದೆ ಎಚ್ಚರದಿಂದಿರಲು ಕಲಿತವರು ಊರ ಕಣದಲ್ಲಿ ಬೇಲಿಯಿಲ್ಲದ ಯಂತ್ರದ ಮುಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವುದೆಂತು?

ನಿಯಮ ಹಾಕಿದರೆ ಆಟದ ಸೊಗಸು ಹೋಗುತ್ತದೆಂಬವರು ಕಂಬಳದ ಕಥೆಯನ್ನು ನೆನೆಯಲಿ. ಸುಪ್ರೀಂ ಕೋರ್ಟಿನ 2014ರ ಮೇ 7ರ ತೀರ್ಪಿನ ಬೆನ್ನಿಗೆ ಕಂಬಳಕ್ಕೂ ತಡೆ ಬಂದಿತು. 2017ರಲ್ಲಿ ಕರ್ನಾಟಕ ಸರಕಾರ ಕಾಯದೆಯನ್ನು ತಿದ್ದಿ ಷರತ್ತುಗಳೊಡನೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ತಮಿಳುನಾಡಿನ ಜಲ್ಲಿಕಟ್ಟಿಗೆ 2017ರ ನಿಯಮಗಳಂತೆ ಜಿಲ್ಲಾಧಿಕಾರಿಯ ಅನುಮತಿ, ಎರಡು ಸಾಲಿನ ಬೇಲಿ, ವೈದ್ಯರ ಹಾಜರಿ ಬೇಕಾಯಿತು. ಎರಡು ಆಟಗಳೂ ಉಳಿದಿವೆ. ಷರತ್ತಿಗೆ ಒಪ್ಪಿದ್ದರಿಂದಲೇ ಉಳಿದವು ಎಂದರೂ ತಪ್ಪಾಗದು.

ನಿಯಮ ಬರೆದಿಟ್ಟ ಮಾತ್ರಕ್ಕೆ ಆಯಿತೆಂದೂ ತಿಳಿಯಬಾರದು. ವಿಶಾಖಪಟ್ಟಣದಲ್ಲಿ ದುಡಿಯುವ ನಮ್ಮವರು ಋಷಿಕೊಂಡದ ಕಡಲತೀರವನ್ನು ಬಲ್ಲರು. ಶುಚಿತ್ವ, ನೀರಿನ ಗುಣ, ಜನರ ಸುರಕ್ಷತೆ ಮೊದಲಾದ 33 ಕಟ್ಟಳೆಗಳನ್ನು ಪೂರೈಸಿದ್ದಕ್ಕಾಗಿ 2020ರಲ್ಲಿ ಆ ತೀರಕ್ಕೆ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಮೇಲ್ವಿಚಾರಣೆ ಸಡಿಲಾದೊಡನೆ 2025ರಲ್ಲಿ ಆ ಬಾವುಟ ಕೆಳಗಿಳಿಯಿತು. ಕುಂದುಗಳನ್ನು ಸರಿಪಡಿಸಿದ ಮೇಲೆಯೇ ಮತ್ತೆ ಏರಿತು. ಸುರಕ್ಷತೆಯೆಂದರೆ ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಲ್ಲ. ದಿನವೂ ನೋಡಿಕೊಳ್ಳಬೇಕಾದ ಕೆಲಸ. ಕೊಟ್ಟ ಮನ್ನಣೆಯನ್ನು ಹಿಂದಕ್ಕೆ ಪಡೆಯುವ ಧೈರ್ಯ ಇದ್ದಲ್ಲಿ ಮಾತ್ರ ನಿಯಮಕ್ಕೆ ಬೆಲೆ.

ಅಂಥದೊಂದು ಅಧಿಕಾರ ನಮ್ಮ ಕೈಯಲ್ಲಿಯೂ ಇದೆ. ವಂತಿಗೆಯೇ ಆ ಅಧಿಕಾರ. ಜಾತ್ರೆಯ ಕಮಿಟಿಯವರು ಪಟ್ಟಿ ಎತ್ತಲು ಬಂದಾಗ, ಟ್ರಾಕ್ಟರು ಜಗ್ಗಾಟವಿದ್ದರೆ, ಈ ಐದು ಮಾತುಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು.

ಒಂದು: ಜಿಲ್ಲಾಡಳಿತದ ಮತ್ತು ಪೋಲೀಸರ ಲಿಖಿತ ಅನುಮತಿ ಇದೆಯೆ? ಕಣದ ಹೊಣೆ ಹೊತ್ತವರ ಹೆಸರು ಅದರಲ್ಲಿದೆಯೆ?

ಎರಡು: ಚಾಲಕನಿಗೆ ಲೈಸೆನ್ಸು, ಶಿರಸ್ತ್ರಾಣ, ಟ್ರಾಕ್ಟರಿಗೆ ಗಟ್ಟಿ ಚೌಕಟ್ಟು ಮತ್ತು ಸೀಟಿನ ಪಟ್ಟಿ ಇವೆಯೆ? ಚೌಕಟ್ಟಿದ್ದು ಪಟ್ಟಿ ಕಟ್ಟದಿದ್ದರೆ ಪೂರ್ಣ ಪ್ರಯೋಜನವಿಲ್ಲ. ಚಾಲಕನ ಹೊರತು ಒಂದು ನರಪಿಳ್ಳೆಯೂ ಯಂತ್ರದ ಮೇಲೆ ಇರಕೂಡದು.

ಮೂರು: ಸರಪಳಿಯನ್ನು ಅಚ್ಚಿಗಿಂತ ಕೆಳಗೆ ಬಿಗಿಯುತ್ತಾರೆಯೆ? ಪಂದ್ಯಕ್ಕೆ ಮೊದಲು ಅದರ ಕೊಂಡಿಗಳನ್ನು ಬಲ್ಲ ಮೆಕ್ಯಾನಿಕ್ ನೋಡಿದ್ದಾನೆಯೆ? ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಎಣ್ಣೆಯೋ ಗಾಳಿಯೋ ನಿಂತರೆ ಮಾತ್ರ ಅದು ನಿಲ್ಲುತ್ತದೆ. ಆದ್ದರಿಂದ ಸರಪಳಿ ಕಳಚಿದೊಡನೆ ಎಣ್ಣೆಯನ್ನು ನಿಲ್ಲಿಸುವ ಏರ್ಪಾಡು ಇದೆಯೆ?

ನಾಲ್ಕು: ಜನ ನಿಲ್ಲುವುದೆಲ್ಲಿ? ಟ್ರಾಕ್ಟರಿನ ಮುಂದೆ, ಹಿಂದೆ, ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಎರಡೂ ಪಕ್ಕಗಳಲ್ಲಿ ದೂರಕ್ಕೆ, ಗಟ್ಟಿ ಬೇಲಿಯ ಆಚೆಗೆ ಮಾತ್ರ ನಿಲ್ಲಬೇಕು. ಸುತ್ತ ಕಟ್ಟಿದ ಹಗ್ಗ ಬೇಲಿಯಾಗದು.

ಐದು: ಅಂಬುಲೆನ್ಸು, ವೈದ್ಯ, ಬೆಂಕಿ ಆರಿಸುವ ಸಾಧನ ಕಣದಲ್ಲಿವೆಯೆ? ಚಾಲಕನಿಗೂ ನೋಡುವ ಜನಕ್ಕೂ ಆ ದಿನದ ಮಟ್ಟಿಗೆ ಪ್ರತ್ಯೇಕ ವಿಮೆ ಮಾಡಿಸಿದ್ದಾರೆಯೆ?

ಇಷ್ಟಕ್ಕೆ ಹಣವೆಲ್ಲಿಂದ ತರುವುದೆಂದು ಕಮಿಟಿಯವರು ಕೇಳಬಹುದು. ಬಹುಮಾನಕ್ಕೆ ಹಣ ಸಿಗುತ್ತದೆ, ಧ್ವನಿವರ್ಧಕಕ್ಕೆ ಸಿಗುತ್ತದೆ, ಮುಖಂಡರ ಚಿತ್ರದ ದೊಡ್ಡ ಬ್ಯಾನರುಗಳಿಗೆ ಸಿಗುತ್ತದೆ. ಬೇಲಿಗೆ ಮಾತ್ರ ಸಿಗದೆಂದರೆ ನಂಬುವವರಾರು? ಅದೂ ಆಗದಿದ್ದರೆ ಆ ವರ್ಷ ಜಗ್ಗಾಟ ಬೇಡ. ಕುಸ್ತಿಯಿದೆ, ಸಂಗ್ರಾಣಿ ಕಲ್ಲು ಇದೆ, ಬಯಲಾಟವಿದೆ. ಊರ ಮಾನ ಒಂದು ಎಂಜಿನ್ನಿಗೆ ಕಟ್ಟುಬಿದ್ದಿಲ್ಲ.

ಸರಕಾರದವರಿಗೂ ನಮ್ಮದೊಂದು ಒತ್ತಾಯವಿದೆ. ಸಾವಾದ ಮರುದಿನ ನಿಷೇಧ ಸಾರಿ, ವರ್ಷ ಕಳೆಯುವುದರೊಳಗೆ ಮರೆಯುವ ಪರಿಪಾಠ ಸಾಕು. ಜಗ್ಗಾಟಕ್ಕೆ ಒಂದು ಸ್ಪಷ್ಟ ನಿಯಮಾವಳಿ ಬರೆಯಿರಿ. ಅನುಮತಿ ಕೊಡುವ ಅಧಿಕಾರಿ ಕಣವನ್ನು ಕಣ್ಣಾರೆ ನೋಡಿಯೇ ಸಹಿ ಹಾಕುವಂತೆ ಮಾಡಿರಿ.

ಅದಾಗುವವರೆಗೆ ನಮ್ಮ ಪಾಲಿನ ಕೆಲಸವನ್ನು ನಾವು ಮಾಡೋಣ. ಹೋಟೆಲಿನಲ್ಲಿ ಹಗಲಿರುಳು ಲೋಟ ತೊಳೆದು, ಗಿರಣಿಯಲ್ಲಿ ರಾತ್ರಿಪಾಳಿ ಮಾಡಿ ಗಳಿಸಿದ ರೂಪಾಯಿ ಊರಿನ ಸಂತೋಷಕ್ಕೆ ಹೋಗಲಿ. ಊರಿನ ಒಂದು ಮನೆಯ ಸೂತಕಕ್ಕೆ ಹೋಗದಿರಲಿ. ಈ ಸಲದ ಪಟ್ಟಿ ಎತ್ತಲು ಬಂದವರಿಗೆ ಮೊದಲು ಚಹಾ ಕೊಡಿ, ಆಮೇಲೆ ಈ ಐದು ಪ್ರಶ್ನೆಗಳನ್ನು ಕೇಳಿ, ಉತ್ತರ ಸಿಕ್ಕ ಮೇಲೆಯೇ ಕಿಸೆಗೆ ಕೈ ಹಾಕಿರಿ.