ಕೈದಿಯ ಕ್ಲಾರಿನೆಟ್



ಹಬ್ಬದ ಮೆರವಣಿಗೆಗೆ ಬ್ಯಾಂಡ್ ಬಂದರೆ ಮಕ್ಕಳ ಕಣ್ಣೆಲ್ಲ ಡ್ರಮ್ಮಿನ ಮೇಲೆ. ಕಪ್ಪು ಕೊಳವೆಯಂಥ ಕ್ಲಾರಿನೆಟ್ ಊದುವವರನ್ನು ಯಾರೂ ನೋಡುವುದಿಲ್ಲ. ತೆಳ್ಳನೆಯ ರೀಡಿನ ಮೇಲೆ ಉಸಿರು ಹಾಯಿಸಿ ನುಡಿಸುವ ವಾದ್ಯವದು. ಎದೆಯಲ್ಲಿ ಉಸಿರಿಲ್ಲದಿದ್ದರೆ ನಾದವೂ ಇಲ್ಲ.

ಆನ್ರಿ ಅಕೋಕಾ ಹುಟ್ಟಿದ್ದು 1912ರಲ್ಲಿ, ಅಲ್ಜೀರಿಯಾದ ಯೆಹೂದ್ಯ ಕುಟುಂಬದಲ್ಲಿ. ಪ್ಯಾರಿಸ್‌ನಲ್ಲಿ ಕಲಿತು ಅಲ್ಲಿಯ ರೇಡಿಯೋ ವಾದ್ಯವೃಂದ ಸೇರಿದರು. ಯುದ್ಧ ಬಂತು, ಸೈನಿಕರಾದರು. 1940ರ ಜೂನ್‌ನಲ್ಲಿ ಜರ್ಮನರ ಕೈಗೆ ಸಿಕ್ಕಾಗಲೂ ಕ್ಲಾರಿನೆಟ್ ಅವರ ಬಳಿಯೇ ಇತ್ತು. ಜೊತೆಗೆ ಸೆರೆಯಾದವರು ಪ್ಯಾರಿಸ್‌ನ ಪವಿತ್ರ ತ್ರಿತ್ವ ದೇವಾಲಯದ ಆರ್ಗನ್ ವಾದಕ ಒಲಿವಿಯೇ ಮೆಸ್ಸಿಯಾನ್, ನಿಷ್ಠಾವಂತ ಕಥೋಲಿಕ.

ನಾನ್ಸಿ ಊರಿನ ಹತ್ತಿರದ ಬಯಲಿನಲ್ಲಿ ಕೈದಿಗಳನ್ನು ಕೂಡಿಹಾಕಿದ್ದರು. ಅಲ್ಲಿ ಮೆಸ್ಸಿಯಾನ್ ಒಂಟಿ ಕ್ಲಾರಿನೆಟ್‌ಗಾಗಿ ಒಂದು ರಚನೆ ಕೊಟ್ಟರು. ಚೆಲ್ಲೋ ವಾದಕ ಪಾಸ್ಕಿಯೇ ಕಾಗದ ಹಿಡಿದು ನಿಂತರು, ಅಕೋಕಾ ಓದುತ್ತಾ ನುಡಿಸಿದರು. ತನ್ನಿಂದ ಇದು ಸಾಧ್ಯವೇ ಇಲ್ಲ ಎಂದು ಗೊಣಗಿದರಂತೆ. ಗೊಣಗದೆ ಇನ್ನೇನು? ಕೇಳಿಯೂ ಕೇಳದಷ್ಟು ಮೆತ್ತಗೆ ಆರಂಭವಾದ ಒಂದೇ ಸ್ವರವನ್ನು ಉಸಿರು ಬಿಡದೆ ಭೋರ್ಗರೆಯುವವರೆಗೆ ಏರಿಸಬೇಕು. ಅದೂ ಹಸಿದ ಹೊಟ್ಟೆಯಲ್ಲಿ.

ಆ ರಚನೆಯೇ ಮುಂದೆ ಎಂಟು ಭಾಗಗಳ 'ಕಾಲಾಂತ್ಯದ ಚತುರ್ವಾದ್ಯ'ದ ಮೂರನೆಯ ಭಾಗವಾಯಿತು. ಪ್ರೇರಣೆ ಪ್ರಕಟನಾ ಗ್ರಂಥದ 10ನೇ ಅಧ್ಯಾಯದ ದೇವದೂತ. ಗೋರ್ಲಿಟ್ಜ್‌ನ ಸೆರೆಶಿಬಿರದಲ್ಲಿ 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಅದು ಮೊದಲ ಬಾರಿ ನುಡಿಯಿತು. ಪಿಯಾನೋಗೆ ಮೆಸ್ಸಿಯಾನ್, ಚೆಲ್ಲೋಗೆ ಪಾಸ್ಕಿಯೇ, ಪಿಟೀಲಿಗೆ ಲ ಬುಲೇರ್, ಕ್ಲಾರಿನೆಟ್‌ಗೆ ಅಕೋಕಾ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಪ್ರಬೋಧನೆಯಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ: ಕೇಳಿದ ಕೈದಿಗಳು ಐದು ಸಾವಿರ, ಚೆಲ್ಲೋಗೆ ಇದ್ದದ್ದು ಮೂರೇ ತಂತಿ ಎಂದು. ಮೆಸ್ಸಿಯಾನರೇ ಹಾಗೆ ಹೇಳುತ್ತಿದ್ದರು. ಆದರೆ ಆ ಚೆಲ್ಲೋ ನುಡಿಸಿದ ಪಾಸ್ಕಿಯೇ, ತಂತಿ ನಾಲ್ಕೂ ಇದ್ದವು ಎಂದಿದ್ದಾರೆ. ಆ ಶೆಡ್ಡಿನಲ್ಲಿ ಹಿಡಿಸುತ್ತಿದ್ದದ್ದೂ ಕೆಲವು ನೂರು ಜನ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಕಥೋಲಿಕ ಸಂಗೀತಗಾರನ ಹೆಸರನ್ನು ಪ್ರತಿ ಸಲವೂ ಹೇಳಿದೆ. ಉಸಿರು ಕೊಟ್ಟ ಯೆಹೂದ್ಯನನ್ನು 'ಒಬ್ಬ ಕ್ಲಾರಿನೆಟ್ ವಾದಕ' ಎಂದು ದಾಟಿಸಿಬಿಟ್ಟೆ.

ಕೆಲವೇ ವಾರಗಳಲ್ಲಿ ಮೆಸ್ಸಿಯಾನ್ ಬಿಡುಗಡೆಯಾಗಿ ಊರಿಗೆ ಹೋದರು. ಪ್ಯಾರಿಸ್‌ನಲ್ಲಿ 1978ರವರೆಗೆ ಪಾಠ ಹೇಳಿದರು, ಶಿಷ್ಯರು ಲೋಕಪ್ರಸಿದ್ಧರಾದರು. ಅವರೊಂದಿಗೆ ಹೊರಟಿದ್ದ ಅಕೋಕಾರನ್ನು ಮಾತ್ರ ಯೆಹೂದ್ಯನೆಂದು ತಡೆದು ಹಿಂದಕ್ಕೆ ಕಳಿಸಿದರು. ಅವರ ತಂದೆಯನ್ನು ಔಶ್ವಿಟ್ಜ್‌ಗೆ ಸಾಗಿಸಲಾಯಿತು. ಆ ಹಿರಿಯರು ಮರಳಲಿಲ್ಲ.

ಅಕೋಕಾ ಬದುಕಿದರು, 1975ರವರೆಗೆ. 1941ರಲ್ಲಿ ಕೈದಿಗಳನ್ನು ರೈಲಿನಲ್ಲಿ ಸಾಗಿಸುತ್ತಿದ್ದಾಗ, ಓಡುತ್ತಿದ್ದ ಬಂಡಿಯಿಂದ ಹಾರಿ ತಪ್ಪಿಸಿಕೊಂಡರು. ಹಾರುವಾಗಲೂ ಕಂಕುಳಲ್ಲಿ ಕ್ಲಾರಿನೆಟ್ ಇತ್ತು.